ಮುದ್ದಮ್ಮನ ಕೇಸು ಮುಗಿದ ಮೇಲೆ

ಗಂಡಸು ವಕೀಲನೊಬ್ಬ ಹೊತ್ತು ಹುಟ್ಟುವುದರಿಂದ ಹೊತ್ತು ಮುಳುಗುವವರೆಗೆ ದುಡಿದರೆ ಊರು ಅವನನ್ನು "ಬಿಜಿ ಲಾಯರ್ರು" ಅನ್ನುತ್ತದೆ. ಅದೇ ದುಡಿಮೆಯನ್ನು ಹೆಂಗಸೊಬ್ಬಳು ದುಡಿದರೆ "ಪಾಪ, ಮನೇಲಿ ಏನು ಕಷ್ಟವೋ" ಅನ್ನುತ್ತದೆ. ನಂಜನಗೂಡಿನ ಚೈತ್ರ ಹದಿನೈದು ವರ್ಷ ಈ ಪಾಪವನ್ನು ಹೊತ್ತು ತಿರುಗಿದಳು. ಮಾಡಿದ ಪಾಪವಲ್ಲ, ಅನ್ನಿಸಿಕೊಂಡ ಪಾಪ. ಹಾಗಾಗಿ ಕಪಿಲೆಯಲ್ಲಿ ಮುಳುಗಿದರೂ ಕಳೆಯುವಂಥದ್ದಲ್ಲ.

ಅವಳು ಇದ್ದದ್ದು ಗಂಗಾಧರಸ್ವಾಮಿ ಅಂಡ್ ಅಸೋಸಿಯೇಟ್ಸ್ ಎಂಬ ಲಾ ಆಫೀಸಿನಲ್ಲಿ. ನಂಜನಗೂಡು, ನರಸೀಪುರ ಎರಡೂ ತಾಲ್ಲೂಕಿಗೆ ಅದಕ್ಕಿಂತ ದೊಡ್ಡದು ಇರಲಿಲ್ಲ. ಕೈಗಾರಿಕಾ ಪ್ರದೇಶದ ಅರ್ಧ ಫ್ಯಾಕ್ಟರಿಗಳ ಫೈಲು, ಅಷ್ಟೂ ಅಕ್ಕಿ ಗಿರಣಿಗಳ ಫೈಲು ಅಲ್ಲಿನ ಬೀರುಗಳಲ್ಲಿದ್ದವು. ‘ಅಸೋಸಿಯೇಟ್ಸ್’ ಎಂಬುದು ಬಹುವಚನ. ಆ ಬಹುವಚನದವರನ್ನೆಲ್ಲ ಸೀನಿಯರ್ ಗಂಗಾಧರಸ್ವಾಮಿಗಳು ಕರೆಯುತ್ತಿದ್ದುದು ಮಾತ್ರ ಏಕವಚನದಲ್ಲಿ.

ಆಫೀಸಿನ ಪದ್ಧತಿ ಹೀಗಿತ್ತು. ಕಕ್ಷಿದಾರರು ಸಹಿ ಹಾಕುವ ವಕಾಲತ್ತಿನ ಮೇಲೆ ಅಚ್ಚಾಗಿರುತ್ತಿದ್ದದ್ದು ಸೀನಿಯರ್ ಹೆಸರೊಂದೇ. ಕೋರ್ಟಿನಲ್ಲಿ ಕೇಸು ಕೂಗಿದಾಗ ಚೈತ್ರ ಎದ್ದು ನಿಂತು "ಫಾರ್ ಗಂಗಾಧರಸ್ವಾಮಿ, ಸ್ವಾಮಿ" ಅನ್ನಬೇಕು. ಅಂದು, ಎದುರು ಪಕ್ಷದ ಸಾಕ್ಷಿಯನ್ನು ಪಾಟೀ ಸವಾಲಿನಲ್ಲಿ ತಿರುಗಿಸಿ ಮುರುಗಿಸಿ, ಬೆವರು ಒರೆಸಿಕೊಳ್ಳುವಂತೆ ಮಾಡಿ ಕೂರಬೇಕು. ತೀರ್ಪು ಬಂದಾಗ ಮೊದಲ ಪುಟದಲ್ಲಿ ‘ವಾದಿ ಪರ: ಶ್ರೀ ಗಂಗಾಧರಸ್ವಾಮಿ’ ಎಂದಿರುತ್ತಿತ್ತು. ಗೆದ್ದ ಕಕ್ಷಿದಾರರು ರಸಬಾಳೆ ಗೊನೆ ಹೊತ್ತು ತಂದು ಸೀನಿಯರ್ ಕಾಲ ಬಳಿ ಇಟ್ಟು, ಪಕ್ಕದಲ್ಲಿ ನಿಂತವಳಿಗೆ "ಅವ್ವಾ, ವಸಿ ಕುಡಿಯಕ್ ನೀರ್ ಕೊಡು" ಅನ್ನುತ್ತಿದ್ದರು. ಅವಳು ಕೊಡುತ್ತಿದ್ದಳು. ಯಾರ ಪರವಾಗಿ ಗಂಟಲು ಒಣಗುವ ತನಕ ವಾದಿಸಿದ್ದಳೋ ಅವರಿಗೇ ನೀರು ಕೊಡುತ್ತಿದ್ದಳು.

ಸಂಬಳವೇನೋ ಚೆನ್ನಾಗಿತ್ತು. ಮೊದಲನೇ ತಾರೀಖು ಗುಮಾಸ್ತ ಕೆಂಪಯ್ಯ ಮೇಜಿನ ಮೇಲಿಡುತ್ತಿದ್ದ ಕವರು, ಪಿಯು ಕಾಲೇಜಿನಲ್ಲಿ ಲೆಕ್ಚರರ್ ಆಗಿದ್ದ ಅವಳ ಗಂಡ ಬಸವೇಶನ ಸಂಬಳಕ್ಕಿಂತ ದಪ್ಪಗಿತ್ತು. ಯಾರ ಮುಂದೆ ತಲೆಬಾಗಿ "ಸ್ವಾಮಿ" ಅನ್ನುತ್ತಿದ್ದಳೋ ಆ ಜಡ್ಜಿನ ಸಂಬಳಕ್ಕಿಂತಲೂ ದಪ್ಪಗಿತ್ತೇನೋ. ಪ್ರತಿಯಾಗಿ ಆಫೀಸು ಅವಳ ಭಾನುವಾರಗಳನ್ನು, ಎರಡು ಬಾಣಂತನಗಳಲ್ಲಿ ಒಂದೂವರೆಯನ್ನು, ತಲೆಯ ಮುಕ್ಕಾಲು ಕಪ್ಪನ್ನು ತೆಗೆದುಕೊಂಡಿತ್ತು.

"ನಿನಗೆ ಕೇಸು ಬೆಳೆದ ಹಾಗೆಲ್ಲ ಕೇಶ ಉದುರುತ್ತೆ ಕಣೆ," ಎಂದು ಬಸವೇಶ ಬಾಚಣಿಗೆ ಎತ್ತಿ ತೋರಿಸುತ್ತಿದ್ದ. "ಫೀಸು ಉಂಟು, ಪೀಸು ಇಲ್ಲ."

ಹಾಗಿದ್ದರೆ ಯಾಕೆ ಅಲ್ಲೇ ಇದ್ದಾಳೆ? ಊರಿನಲ್ಲಿ ಇದಕ್ಕೆ ಉತ್ತರ ಗೊತ್ತಿಲ್ಲದವರೇ ಇರಲಿಲ್ಲ, ಅವಳೊಬ್ಬಳನ್ನು ಬಿಟ್ಟು. ಮನೆ ಕಟ್ಟಿದ ಸಾಲ ಅಂದರು ಎದುರು ಮನೆಯವರು. ಸಾಲ ತೀರಿ ಮೂರು ವರ್ಷವಾಗಿತ್ತು. ಗಂಡನಿಗೆ ದುಡ್ಡಿನ ಆಸೆ ಅಂದರು ಹಿಂದಿನ ಮನೆಯವರು; ಬಸವೇಶನಿಗೆ ದುಡ್ಡಿರಲಿ, ಜೇಬಿರುವ ಅಂಗಿಯ ಆಸೆಯೂ ಇರಲಿಲ್ಲ. ತಾಯಿ ಸಿದ್ದಲಿಂಗಮ್ಮನವರು ಮದುವೆ ಮನೆಗಳಲ್ಲಿ "ನಮ್ಮ ಚೈತ್ರನ್ನ ಬಿಟ್ಟರೆ ಆ ಆಫೀಸೇ ನಡೆಯಲ್ಲವಂತೆ" ಎಂದು ಹೇಳಿಕೊಂಡು, ಮನೆಗೆ ಬಂದು "ಬಿಟ್ಟುಬಿಡೇ ತಾಯಿ ಆ ಹಾಳು ಕೆಲಸಾನ" ಅನ್ನುತ್ತಿದ್ದರು.

ಚೈತ್ರಳ ಬಳಿಯೂ ಒಂದು ಉತ್ತರವಿತ್ತು. ಯಾರು ಕೇಳಿದರೂ ಅದನ್ನೇ ಕೊಡುತ್ತಿದ್ದಳು. "ಮುದ್ದಮ್ಮನ ಕೇಸೊಂದು ಮುಗೀಲಿ. ಆಮೇಲೆ ಒಂದು ದಿನವೂ ಇರಲ್ಲ."

ಮುದ್ದಮ್ಮ ಹೆಮ್ಮಿಗೆಯ ಮಗಳು, ಸೋಸಲೆಯ ಸೊಸೆ. ಅಪ್ಪ ಕೂಲಿ ಮಾಡಿ ಕೂಡಿಸಿ ಕೊಂಡಿದ್ದ ಎರಡು ಎಕರೆ ಗದ್ದೆ ಅವನು ಸತ್ತ ಮೇಲೆ ತಮ್ಮ ಚೆಲುವಯ್ಯನ ಹೆಸರಿಗೆ ಖಾತೆಯಾಯಿತು. ಅರ್ಧ ಪಾಲು ಕೇಳಿದ್ದಕ್ಕೆ ಅವನು "ಕೋರ್ಟಲ್ಲಿ ನೋಡ್ಕೊ ಓಗು" ಅಂದ. ನೋಡಿಕೊಳ್ಳಲು ಅವಳು ಬಂದದ್ದು ೧೯೯೧ರಲ್ಲಿ, ಚೈತ್ರ ಆಫೀಸು ಸೇರಿದ ಮೂರನೆಯ ದಿನ.

"ಇದರಲ್ಲಿ ಏನೂ ಹುಟ್ಟಲ್ಲ. ನೀನೇ ಇಟ್ಕೊಂಡು ಕೈ ಪಳಗಿಸಿಕೋ," ಎಂದು ಸೀನಿಯರ್ ಫೈಲನ್ನು ಅವಳ ಕಡೆ ತಳ್ಳಿದ್ದರು.

ಚೈತ್ರ ಆ ಫೈಲನ್ನು ಚೊಚ್ಚಲ ಕೂಸಿನ ಹಾಗೆ ಎತ್ತಿಕೊಂಡಳು. ಫೀಸು ಒಂದು ಪೈಸೆ ಮುಟ್ಟಲಿಲ್ಲ. ಎರಡು ವರ್ಷದಲ್ಲಿ ಕೇಸು ಗೆದ್ದು, ಆಫೀಸು ಬಿಟ್ಟು, ನರಸೀಪುರದಲ್ಲಿ ತನ್ನದೇ ಹೆಸರಿನ ಬೋರ್ಡು ಹಾಕುತ್ತೇನೆಂದು ಲೆಕ್ಕ ಹಾಕಿದ್ದಳು. ಸಿವಿಲ್ ದಾವೆಗೆ ಲೆಕ್ಕ ಹಾಕಿದವರು ಯಾರು ಉಳಿದಿದ್ದಾರೆ? ಚೆಲುವಯ್ಯನ ವಕೀಲರು ಉತ್ತರ ಸಲ್ಲಿಸಲಿಕ್ಕೇ ಎರಡು ವರ್ಷ ವಾಯಿದೆ ತೆಗೆದುಕೊಂಡರು. ಜಡ್ಜ್ ವರ್ಗವಾದರು. ಬಂದವರು ರಜಾ ಹಾಕಿದರು. ೧೯೯೮ರಲ್ಲಿ ಅರ್ಧ ಪಾಲು ಮುದ್ದಮ್ಮನಿಗೆ ಎಂದು ಡಿಕ್ರಿಯಾಯಿತು. ಚೈತ್ರ ಆಫೀಸಿಗೆಲ್ಲ ಮೈಸೂರು ಪಾಕು ಹಂಚಿದಳು. ಆಮೇಲೆ ತಿಳಿಯಿತು, ಪಾಲು ಇದೆ ಅನ್ನುವುದಷ್ಟೇ ತೀರ್ಮಾನವಾಗಿದೆ, ಯಾವ ಪಾಲು ಅನ್ನುವುದಕ್ಕೆ ಇನ್ನೊಂದು ಸುತ್ತು. ನಡುವೆ ಚೆಲುವಯ್ಯ ಮೈಸೂರಿಗೆ ಅಪೀಲು ಹೋದ, ನಾಲ್ಕು ವರ್ಷ. ಅಪೀಲು ಬಿತ್ತು. ಗದ್ದೆ ಅಳೆಯಲು ಕೋರ್ಟು ಸರ್ವೆಯರನ್ನು ನೇಮಿಸಿತು. ಅವನು ಬರುವ ದಿನ ಮಳೆ, ಮಳೆ ಇಲ್ಲದ ದಿನ ಅವನಿಲ್ಲ.

ಬೇರೆಯವರ ಕೇಸಿಗೆ ವಾಯಿದೆ ಕೇಳಿ ಕೇಳಿ ಅಭ್ಯಾಸವಾದ ನಾಲಿಗೆ. ಚೈತ್ರ ತನ್ನ ಬದುಕಿಗೂ ವಾಯಿದೆ ಕೇಳುತ್ತ ಬಂದಳು.

ವಾಯಿದೆ ಕೊಡದೆ ಜಗಳವಾಡುತ್ತಿದ್ದವಳು ಒಬ್ಬಳೇ, ಪವಿತ್ರ. ಲಾ ಕಾಲೇಜಿನಲ್ಲಿ ಒಂದೇ ಬೆಂಚಿನವಳು. ನರಸೀಪುರದ ಕೋರ್ಟಿನೆದುರು, ಜೆರಾಕ್ಸ್ ಅಂಗಡಿ ಪಕ್ಕದ ಒಂದು ಕೋಣೆಯಲ್ಲಿ ಮೊದಲ ದಿನದಿಂದ ತನ್ನದೇ ಪ್ರಾಕ್ಟೀಸ್ ಮಾಡುತ್ತಿದ್ದಳು. ಎಂಟು ವರ್ಷದಿಂದ ಆ ಕೋಣೆಯ ಅರ್ಧ ಚೈತ್ರಳಿಗಾಗಿ ಖಾಲಿ ಇತ್ತು. ೨೦೦೬ರ ಜುಲೈಯಲ್ಲಿ ಪವಿತ್ರ ಫೋನು ಮಾಡಿದಳು.

"ನೋಡೇ, ಮುಡುಕುತೊರೆ ಕಡೆ ಹುಡುಗಿ ಒಬ್ಬಳು ಹೊಸದಾಗಿ ಎನ್‌ರೋಲ್ ಆಗಿದ್ದಾಳೆ. ಅರ್ಧ ರೂಮು ಕೇಳ್ತಿದ್ದಾಳೆ. ಶುಕ್ರವಾರ ಹೂಂ ಅಂತೀಯೋ ಊಹೂಂ ಅಂತೀಯೋ ಹೇಳಿಬಿಡು. ಆ ಕುರ್ಚಿ ಮೇಲೆ ಧೂಳು ಹೊಡೆದು ಹೊಡೆದು ನನ್ನ ಕೈ ಬಿದ್ದುಹೋಗಿದೆ."

"ಗುರುವಾರ ಮುದ್ದಮ್ಮನ ಕೇಸು ಕಡೇ ವಾದಕ್ಕಿದೆ ಕಣೆ. ಅದು ಮುಗೀತು ಅಂದ್ರೆ ಶುಕ್ರವಾರ ನಾನೇ ಬಂದು ಧೂಳು ಹೊಡೀತೀನಿ."

"ಹಾಗಂತ ತೊಂಬತ್ತೆಂಟರಲ್ಲೂ ಅಂದಿದ್ದೆ. ಮೈಸೂರು ಪಾಕು ಕೊಟ್ಟು."

ಈ ಸಲ ಮಾತ್ರ ನಿಜವಾಗಿಯೂ ಕಡೆಯದಾಗಿತ್ತು. ಸರ್ವೆಯರು ಗದ್ದೆಯನ್ನು ಇಬ್ಭಾಗ ಮಾಡಿದ ನಕ್ಷೆಯಲ್ಲಿ ಕಾಲುವೆಯ ತೂಬು ಚೆಲುವಯ್ಯನ ಕಡೆಗೆ ಬಿದ್ದಿತ್ತು. ನೀರಿನ ಬಾಯಿ ತಮ್ಮನಿಗೆ, ಬಾಲ ಅಕ್ಕನಿಗೆ. ಅದನ್ನು ತಪ್ಪೆಂದು ತೋರಿಸಲು ಚೈತ್ರ ಎರಡು ಬೆಳೆಯ ಕಾಲ ಹೆಮ್ಮಿಗೆಗೆ ಓಡಾಡಿ, ಸೀರೆ ಎತ್ತಿ ಕಟ್ಟಿ ಕೆಸರಲ್ಲಿ ನಿಂತು, ತೂಬಿನಿಂದ ಬಾಲಕ್ಕೆ ನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಗಡಿಯಾರ ನೋಡಿ ಬರೆದುಕೊಂಡಿದ್ದಳು. ನಲವತ್ತು ಪುಟದ ವಾದ. ಬಚ್ಚಲಲ್ಲಿ, ಅಡುಗೆಮನೆಯಲ್ಲಿ, ಬಸ್ಸಿನಲ್ಲಿ ಗೊಣಗುತ್ತ ಅದನ್ನು ಹದ ಮಾಡಿದ್ದಳು. ಒಮ್ಮೆ ಸಾರಿಗೆ ಒಗ್ಗರಣೆ ಹಾಕುತ್ತ "ಆದಕಾರಣ ಸ್ವಾಮಿ" ಎಂದು ಸೌಟು ಎತ್ತಿದ್ದನ್ನು ಕಂಡು ಬಸವೇಶ ಮಕ್ಕಳಿಬ್ಬರನ್ನೂ ಕರೆದು ತೋರಿಸಿದ್ದ.

ಬುಧವಾರ ಮಧ್ಯಾಹ್ನ ಮುದ್ದಮ್ಮನನ್ನು ಆಫೀಸಿಗೆ ಕರೆಸಿ, ನಾಳೆ ಏನೇನಾಗುತ್ತದೆಂದು ವಿವರಿಸಿದಳು. ಮುದ್ದಮ್ಮ ಎಲೆಯಡಿಕೆ ಮೆಲ್ಲುತ್ತ ಎಲ್ಲಕ್ಕೂ ತಲೆ ಆಡಿಸಿದಳು. ಫೈಲು ಕಟ್ಟುತ್ತ ಚೈತ್ರ ಅಂದಳು, "ನಾಳೆಗೆ ನಿಮ್ಮ ಋಣವೂ ತೀರಿತು ಮುದ್ದಮ್ಮ, ಈ ಆಫೀಸಿನ ಋಣವೂ ತೀರಿತು. ನಾನು ಇಲ್ಲಿಂದ ಹೋಗ್ತಿದ್ದೀನಿ. ಇಷ್ಟು ವರ್ಷ ಇದ್ದದ್ದೇ ನಿಮ್ಮ ಕೇಸಿಗೋಸ್ಕರ."

ಮುದ್ದಮ್ಮನ ದವಡೆ ನಿಂತಿತು. "ಏನಂದೆ?"

"ನಿಮ್ಮ ಕೇಸು ನಡುನೀರಲ್ಲಿ ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲ. ಅದಕ್ಕೇ ಇಲ್ಲೇ ಉಳಿದೆ."

"ಅಯ್ಯೋ ಸಿವನೇ! ನನ್ ಕೇಸ್ಗಾ?" ಮುದ್ದಮ್ಮ ಎದ್ದು ಕಿಟಕಿಗೆ ಹೋಗಿ ಉಗಿದು ಬಂದಳು, ಬಾಯಿ ಖಾಲಿ ಮಾಡಿಕೊಂಡು ಆಡಬೇಕಾದ ಮಾತಿತ್ತು. "ಯಾಕವ್ವಾ ಅಂಗ್ ಮಾಡ್ದೆ? ನಾನು ನಿಂಗೋಸ್ಕರ ಕಣವ್ವಾ ಈ ಕೇಸ್ ಇಟ್ಕಂಡಿದ್ದು!"

"ನನಗೋಸ್ಕರ?"

"ಊಂ ಮತ್ತೆ. ಮೈಸೂರ್ನಲ್ಲಿ ಅಪೀಲು ಬಿತ್ತಲ್ಲ, ಅವತ್ತೇ ನಮ್ ಚೆಲುವಯ್ಯ ಬಸ್ಸಲ್ಲಿ ಅಂದ. ಅಕ್ಕಾ, ಸಾಕು, ನಿಂದು ನೀನ್ ತಗೋ ಅಂತ. ಅವತ್ನಿಂದ ಎಲ್ಡ್ ಬೆಳೆಗೂ ಅರ್ಧ ಬತ್ತ ನನ್ ಮನೇಗ್ ತಂದ್ ಆಕ್ತಾವ್ನೆ."

ಚೈತ್ರ ಕುರ್ಚಿಯಲ್ಲಿ ಕುಳಿತಳು. ಅಕ್ಕ-ತಮ್ಮ ಒಂದೇ ಬಸ್ಸಿನಲ್ಲಿ ಬಂದು ಇಳಿಯುವುದನ್ನು, ಕೋರ್ಟಿನ ಹೊಂಗೆ ಮರದಡಿ ಒಂದೇ ಗಂಟು ಬಿಚ್ಚಿ ಮುದ್ದೆ ತಿನ್ನುವುದನ್ನು ಅವಳೂ ಕಂಡಿದ್ದಳು. ಕಂಡು, ಅದು ಎದುರು ಪಕ್ಷದ ಕುತಂತ್ರವೆಂದು ನಿರ್ಧರಿಸಿ, "ಅವರ ಕೈಯಿಂದ ಏನೂ ತಿನ್ನಬೇಡಿ" ಎಂದು ಮುದ್ದಮ್ಮನಿಗೆ ಕಾನೂನು ಸಲಹೆಯನ್ನೂ ಕೊಟ್ಟಿದ್ದಳು.

"ನಾಲ್ಕು ವರ್ಷದಿಂದ ರಾಜಿ ಆಗಿದ್ದೀರ, ನನಗೆ ಒಂದು ಮಾತು ಹೇಳಬಾರದಾಗಿತ್ತಾ?"

"ಎಂಗವ್ವಾ ಏಳದು? ಒಂದ್ ಕಾಸ್ ಈಸ್ಕಳ್ನಿಲ್ಲ ನೀನು. ಮಳೇಲಿ ಗದ್ದೆಗ್ ಬಂದೆ, ಜಿಗಣೆ ಕಡಿಸ್ಕಂಡೆ. ಜಡ್ಜಮ್ಮನ ಮುಂದ್ಗಡೆ ನಿಂತ್ಕಂಡ್ರೆ ನಿನ್ ಮಕ ನೋಡ್ಬೇಕು, ಮದ್ವೆ ಎಣ್ಣಿನಂಗೆ ಬೆಳಗೋದು. ಅಷ್ಟ್ ಆಸೆಯಾಗಿ ಮಾಡ್ತಾ ಇರೋಳ್ಗೆ ಬುಟ್ಬುಡು ಅನ್ನಕ್ ಆದದಾ? ಚೆಲುವಯ್ಯನೂ ಅಂದ, ಇರ್ಲಿ ಅಕ್ಕ, ಆ ಎಣ್ಮಗ ಒಂದ್ ದಪ ಕಡೇಗಂಟ ಆಡ್ಕಳ್ಳಿ ಅಂತ."

ಕೋರ್ಟಿನಲ್ಲಿ ವಾದಿ, ಪ್ರತಿವಾದಿ ಎಂದು ಎರಡೇ ಪಂಗಡ. ನಮ್ಮ ಸೀಮೆಯಲ್ಲಿ ಮೂರನೆಯದೊಂದಿದೆ, ದಾಕ್ಷಿಣ್ಯವಾದಿ. ಅದರ ಮುಂದೆ ಯಾವ ಕಾನೂನೂ ನಿಲ್ಲುವುದಿಲ್ಲ. ವಕೀಲೆಯ ಮನಸ್ಸು ನೋಯಬಾರದೆಂದು ಕಕ್ಷಿದಾರಳು ಕೇಸು ಬಿಡಲಿಲ್ಲ, ಕಕ್ಷಿದಾರಳ ಮನಸ್ಸು ನೋಯಬಾರದೆಂದು ವಕೀಲೆ ಆಫೀಸು ಬಿಡಲಿಲ್ಲ. ಇಬ್ಬರ ನಡುವೆ ಸರ್ಕಾರದ ಕೋರ್ಟೊಂದು ನಾಲ್ಕು ವರ್ಷ ತಾರೀಖು ಹಾಕುತ್ತ ಕೂತಿತ್ತು.

"ನೀನ್ ಓಯ್ತೀನಿ ಅಂದ್ಮ್ಯಾಕೆ ಇನ್ಯಾಕೆ ಬುಡು," ಎಂದು ಮುದ್ದಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಾಳೆಗೇ ನಾನೂ ಅವನೂವೆ ರಾಜಿ ಆಕ್ಬುಡ್ತೀವಿ. ನೀನು ನಿರಾಳವಾಗಿ ಓಗವ್ವ."

ಗುರುವಾರ ನರಸೀಪುರದ ಕೋರ್ಟಿನಲ್ಲಿ ಹಾಗೆಯೇ ಆಯಿತು. ಚೆಲುವಯ್ಯನ ವಕೀಲರು ರಾಜಿ ಅರ್ಜಿ ಬರೆದು ತಂದಿದ್ದರು. ಓದಿ ನೋಡಿದರೆ, ತೂಬಿನ ಕಡೆಯ ಪಾಲು ಅಕ್ಕನಿಗೇ! ಚೈತ್ರ ನಲವತ್ತು ಪುಟ ಬರೆದು ಕೇಳಬೇಕೆಂದಿದ್ದನ್ನು ಅವನು ಅರ್ಧ ಸಾಲಿನಲ್ಲಿ ಕೊಟ್ಟಿದ್ದ.

"ಅಕ್ಕನ್ಗೆ ವಯಸ್ಸಾಯ್ತು ಕಣ್ರವ್ವ, ನೀರ್ ಕಟ್ಟಕ್ಕೆ ದೂರ ನಡೆಯಕ್ಕಾಗಕಿಲ್ಲ," ಎಂದು ಚೆಲುವಯ್ಯ ಕೈಕಟ್ಟಿ ನಿಂತ. ಹದಿನೈದು ವರ್ಷ ಎದುರಾಳಿ ಎಂದು ಹಲ್ಲು ಕಚ್ಚಿ ನೋಡಿದ್ದ ಆ ಮುಖದಲ್ಲಿ ಬೈಯಲಿಕ್ಕೂ ಏನೂ ಸಿಗಲಿಲ್ಲ ಅವಳಿಗೆ.

ಅರ್ಜಿಗೆ ವಕೀಲರ ಸಹಿ ಬೇಕಿತ್ತು. ಸಹಿ ಹಾಕಿದಳು. ಕೆಳಗೆ ಕೆಂಪಯ್ಯ ‘ಗಂಗಾಧರಸ್ವಾಮಿ, ಅಡ್ವೊಕೇಟ್’ ಎಂಬ ಮೊಹರು ಒತ್ತಿದ. ಜಡ್ಜ್ ಅರ್ಜಿ ಓದಿ ಕನ್ನಡಕ ತೆಗೆದು ನಕ್ಕರು.

"ಬಹಳ ಸಂತೋಷ. ಇಂಥ ಕೇಸುಗಳು ರಾಜಿಯಾಗಬೇಕು. ಗಂಗಾಧರಸ್ವಾಮಿಯವರಿಗೆ ನನ್ನ ಅಭಿನಂದನೆ ತಿಳಿಸಿಬಿಡಿ, ಮೇಡಂ."

ಮೇಡಂ ತಲೆಬಾಗಿ ಹೊರಬಂದರು. ಮುದ್ದಮ್ಮ ಕೆನ್ನೆ ಸವರಿ ಲಟಿಕೆ ತೆಗೆದದ್ದಾಗಲಿ, ಚೆಲುವಯ್ಯ ಎಳನೀರು ತರುತ್ತೇನೆಂದು ಓಡಿದ್ದಾಗಲಿ ಅವಳಿಗೆ ಸರಿಯಾಗಿ ಕಾಣಲಿಲ್ಲ. ರಸ್ತೆ ದಾಟಿ, ಜೆರಾಕ್ಸ್ ಅಂಗಡಿಯ ಪಕ್ಕದ ಬಾಗಿಲು ತಳ್ಳಿ, ಕರಿ ಕೋಟನ್ನು ಪವಿತ್ರಳ ಮೇಜಿನ ಮೇಲೆ ಎಸೆದಳು.

"ಮೋಸ! ಹದಿನೈದು ವರ್ಷ!"

ಪವಿತ್ರ ಕಥೆಯೆಲ್ಲ ಕೇಳಿ ಹೊಟ್ಟೆ ಹಿಡಿದು ನಕ್ಕಳು. ಕಣ್ಣು ಒರೆಸಿಕೊಂಡು, "ಸರಿ, ಮುಗೀತಲ್ಲ. ಯಾವ ಕಡೆ ಕುರ್ಚಿ ಬೇಕು? ಕಿಟಕಿ ಕಡೆಗಾ, ಫ್ಯಾನ್ ಕೆಳಗಾ?" ಅಂದಳು.

ಚೈತ್ರ ಕೋಣೆ ನೋಡಿದಳು. ಪವಿತ್ರಳ ಫೈಲುಗಳು ತೆಳ್ಳಗಿದ್ದವು: ಜೀವನಾಂಶ, ಚೆಕ್ ಬೌನ್ಸು, ಬೇಲಿ ಜಗಳ. ಅವಳ ಕಣ್ಣ ಮುಂದೆ ಸೋಮವಾರ ನಂಜನಗೂಡಿನಲ್ಲಿದ್ದ ಗಿರಣಿ ಕೇಸು ಸುಳಿಯಿತು. ಮೂವರು ಸಾಕ್ಷಿಗಳು, ಎದುರಿಗೆ ಮೈಸೂರಿನಿಂದ ಬರುವ ನುರಿತ ವಕೀಲರು. ಮೊದಲನೆಯ ಸಾಕ್ಷಿಯನ್ನು ಎಲ್ಲಿ ಹಿಡಿಯಬೇಕೆಂದು ಹೊಳೆದ ಕ್ಷಣದಿಂದ ಅವಳಿಗೆ ಹಬ್ಬದ ಹಿಂದಿನ ದಿನದ ಮಗುವಿನಂಥ ಉಮೇದು. ಆ ಉಮೇದನ್ನು ಅವಳು ಇದುವರೆಗೆ ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ, ತನ್ನ ಮುಂದೆಯೂ.

"ಪವಿ, ನನಗೆ ಸಿಟ್ಟು ಬಂದಿದ್ದು ಹದಿನೈದು ವರ್ಷ ಹೋಯ್ತು ಅಂತ ಅಲ್ಲ ಕಣೆ," ಎಂದಳು ನಿಧಾನವಾಗಿ. "ಆ ನಲವತ್ತು ಪುಟ ಆಡೋಕೆ ಆಗಲಿಲ್ಲವಲ್ಲ ಅಂತ. ನನಗೆ ಆ ಕೆಲಸ ಇಷ್ಟ. ದೊಡ್ಡ ಫೈಲು, ಗಟ್ಟಿ ಎದುರಾಳಿ, ಗೆಲ್ಲೋದು. ಆ ಕವರೂ ಇಷ್ಟ, ಯಾಕೆ ಸುಳ್ಳು ಹೇಳಲಿ. ಮುದ್ದಮ್ಮ ಒಂದು ನೆಪ. ದುಡ್ಡಿಗೆ ಇದ್ದೀನಿ ಅಂದರೆ ದುರಾಸೆ ಅಂತಾರೆ, ಗೆಲ್ಲೋಕೆ ಇದ್ದೀನಿ ಅಂದರೆ ಗಂಡುಬೀರಿ ಅಂತಾರೆ. ಬಡವಿಯೊಬ್ಬಳಿಗೋಸ್ಕರ ಅಂದರೆ ಯಾರೂ ಏನೂ ಅನ್ನಲ್ಲ."

"ಇಷ್ಟನ್ನ ಎಂಟು ವರ್ಷದ ಹಿಂದೆ ಹೇಳಿದ್ದರೆ ಅರ್ಧ ಬಾಡಿಗೆ ಕೊಡೋರು ಯಾರಾದರೂ ಸಿಕ್ಕಿರೋರು ನನಗೆ." ಪವಿತ್ರಳ ನಗು ಇಳಿದಿತ್ತು. ಲೋಟಕ್ಕೆ ನೀರು ಬಗ್ಗಿಸುತ್ತ ಅಂದಳು, "ನಿನಗೆ ಬಿಡೋದಾ ಇರೋದಾ ಅಂತ ಯೋಚಿಸೋಕೆ ಒಂದು ಆಫೀಸಾದರೂ ಇತ್ತು. ನಾನೂ ಅದೇ ಮೆಟ್ಟಿಲು ಹತ್ತಿದ್ದೆ, ಗೊತ್ತಾ? ನಿನಗಿಂತ ಒಂದು ವಾರ ಮುಂಚೆ. ಮಾರ್ಕ್ಸ್ ಕಾರ್ಡು ನೋಡಿ ‘ಭೇಷ್’ ಅಂದರು ನಿನ್ನ ಸೀನಿಯರ್ರು. ಯಾವೂರು ಅಂದರು, ಹೇಳಿದೆ. ಊರಲ್ಲಿ ಯಾವ ಬೀದಿ ಅಂದರು, ಹೇಳಿದೆ. ‘ಜಾಗ ಖಾಲಿ ಇಲ್ಲಮ್ಮ’ ಅಂದರು. ಮುಂದಿನ ವಾರ ನಿನಗೆ ಖಾಲಿಯಾಯ್ತು."

ಚೈತ್ರ ಅವಳ ಕಡೆ ತಿರುಗಿದಳು. "ನನಗೆ ಒಂದು ಮಾತು ಹೇಳಲಿಲ್ಲ ನೀನು."

"ಹೇಳಿದ್ದರೆ ನೀನು ಅಳ್ತಿದ್ದೆ. ಅತ್ತು ಮಾರನೇ ದಿನ ಅದೇ ಆಫೀಸಿಗೆ ಹೋಗ್ತಿದ್ದೆ."

"ನಾನು ಇವತ್ತೇ..."

"ಏ, ನಿಲ್ಲು!" ಪವಿತ್ರ ಲೋಟ ಕುಕ್ಕಿದಳು. "ಮುದ್ದಮ್ಮನ ಹೆಸರಲ್ಲಿ ಇದ್ದಿದ್ದು ಸಾಕು, ಈಗ ನನ್ನ ಹೆಸರಲ್ಲಿ ಬಿಡೋಕೆ ಹೋಗಬೇಡ. ಇನ್ನೊಬ್ಬರ ತಲೆ ಮೇಲೆ ಕೈ ಇಡದೆ ಒಂದು ಕೆಲಸ ಮಾಡು ನೋಡೋಣ. ಇರೋದಾದರೆ ನಿನಗೋಸ್ಕರ ಇರು. ಆದರೆ ಕೋಳಿ ಕಾವು ಕೂತ ಹಾಗೆ ಇರಬೇಡ ಮಾರಾಯ್ತಿ. ಮೊಟ್ಟೆ ನಿಂದು, ಮರಿ ಅವರದ್ದು."

ಆಫೀಸಿನ ಕಾರಿನಲ್ಲಿ ನಂಜನಗೂಡಿಗೆ ಹಿಂದಿರುಗುವಾಗ ಕೆಂಪಯ್ಯ ಮುಂದಿನ ಸೀಟಿನಿಂದ ಎರಡು ಸಲ ಹಿಂದೆ ತಿರುಗಿ ನೋಡಿದ. "ಏನೋ ಲೆಕ್ಕ ಹಾಕ್ತಾ ಇದ್ದೀರಿ ಮೇಡಮ್ಮೋರೆ."

"ನಾನು ವಾದ ಮಾಡ್ತಿರೋ ಫೈಲು ಈಗ ಎಷ್ಟಿವೆ ಕೆಂಪಯ್ಯ?"

"ನಲವತ್ಮೂರು." ಯೋಚಿಸದೆ ಹೇಳಿದ. ಮೂವತ್ತು ವರ್ಷದ ಗುಮಾಸ್ತ, ಸೀನಿಯರ್ ತಲೆಯಲ್ಲಿ ಇಲ್ಲದ್ದೆಲ್ಲ ಇವನ ತಲೆಯಲ್ಲಿತ್ತು.

"ಎಲ್ಲವನ್ನೂ ಬೀರುವಿನಿಂದ ತೆಗೆದಿಡಿ."

ಕೆಂಪಯ್ಯ ಮೂರನೆಯ ಸಲ ಹಿಂದೆ ತಿರುಗಿ ನೋಡಿದ.

ಗಂಗಾಧರಸ್ವಾಮಿಗಳು ಊಟದ ನಿದ್ದೆ ಮುಗಿಸಿ, ಹಣೆಗೆ ವಿಭೂತಿ ಹೊಸದಾಗಿ ಎಳೆದುಕೊಂಡು ಕೂತಿದ್ದರು. ರಾಜಿಯ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು.

"ಬಾಮ್ಮ. ಒಳ್ಳೇದಾಯ್ತು, ಒಂದು ಹಳೇ ಫೈಲು ಕ್ಲೋಸಾಯ್ತು. ಇನ್ನೇನು, ನೀನು ಹೊರಟ ಹಾಗೇ ಅನ್ನು."

"ಯಾರು ಹೇಳಿದ್ದು ಸರ್?"

"ಊರೆಲ್ಲ ಗೊತ್ತಲ್ಲಮ್ಮ. ಮುದ್ದಮ್ಮನ ಕೇಸು ಮುಗಿದ ಮೇಲೆ ಹೋಗ್ತಾಳೆ ಅಂತ ಹತ್ತು ವರ್ಷದಿಂದ ಕೇಳ್ತಾ ಇದ್ದೀನಿ. ಅದಕ್ಕೇ ತಾನೆ ವಕಾಲತ್ತಲ್ಲಿ ನಿನ್ನ ಹೆಸರು ಹಾಕಿಸಲಿಲ್ಲ? ಹೋಗೋಳ ಹೆಸರು ಯಾಕೆ ಅಚ್ಚು ಹಾಕಿಸಬೇಕು, ಕಾಗದ ದಂಡ ಅಂತ ಸುಮ್ಮನಿದ್ದೆ."

ಇವಳು ಹೊರಟವಳಂತೆ ಮಾತಾಡುತ್ತ ಇದ್ದಳು, ಅವರು ಹೊರಟವಳೆಂದೇ ನಡೆಸಿಕೊಂಡರು. ಇವತ್ತೋ ನಾಳೆಯೋ ಹೋಗುವವಳು ಏನನ್ನೂ ಕೇಳುವುದಿಲ್ಲ. ಅವಳು ಕೇಳಿಯೂ ಇರಲಿಲ್ಲ. ಹದಿನೈದು ವರ್ಷ ಒಂದು ಕಾಲು ಹೊಸಿಲಾಚೆ ಇಟ್ಟು ನಿಂತವಳಿಗೆ ಕೂರಲು ಮಣೆ ಹಾಕುವ ದಡ್ಡರೇ ಗಂಗಾಧರಸ್ವಾಮಿಗಳು?

"ನಾನು ಹೋಗಲ್ಲ ಸರ್."

"ಒಳ್ಳೇದು. ಹಾಗಾದರೆ ಮುಂದಿನ ತಿಂಗಳಿಂದ ಕವರಲ್ಲಿ..."

"ಕವರು ಇದ್ದಷ್ಟೇ ಇರಲಿ. ನಾನು ವಾದ ಮಾಡೋ ಕೇಸಲ್ಲೆಲ್ಲ ನನ್ನ ಹೆಸರು ಬೇಕು. ಎದ್ದು ನಿಂತಾಗ ನನ್ನ ಹೆಸರು ಹೇಳ್ತೀನಿ. ತೀರ್ಪಲ್ಲಿ ನನ್ನ ಹೆಸರು ಬರಬೇಕು."

ಸೀನಿಯರ್ ನಕ್ಕರು, ತುಂಟ ಮಗುವಿಗೆ ನಗುವ ಹಾಗೆ. "ಕಕ್ಷಿದಾರರು ಬರೋದು ನನ್ನ ಹೆಸರಿಗಮ್ಮ."

"ಬರೋದು ನಿಮ್ಮ ಹೆಸರಿಗೆ ಸರ್. ಗೆದ್ದು ಹೋಗೋದು?"

ನಗು ನಿಂತಿತು. ಕೆಂಪಯ್ಯ ಮೊದಲ ಕಂತು ಫೈಲುಗಳನ್ನು ಎದೆಗವಚಿ ತಂದು ಮೇಜಿನ ಮೇಲಿಟ್ಟು, ಎರಡನೆಯ ಕಂತಿಗೆ ಹೋದ.

"ಇನ್ನೊಂದು ವಿಷಯ ಕೇಳಬೇಕಿತ್ತು. ತೊಂಬತ್ತೊಂದರಲ್ಲಿ, ನಾನು ಬರೋ ಹಿಂದಿನ ವಾರ, ಪವಿತ್ರ ಅಂತ ಒಬ್ಬಳು ಬಂದಿದ್ದಳು ಕೆಲಸ ಕೇಳಿಕೊಂಡು. ಅವಳಿಗೆ ಯಾಕೆ ಜಾಗ ಇರಲಿಲ್ಲ ಸರ್?"

"ಯಾವ ಪವಿತ್ರ?"

ಅವರು ನಾಟಕವಾಡುತ್ತಿರಲಿಲ್ಲ. ನಿಜವಾಗಿಯೂ ನೆನಪಿರಲಿಲ್ಲ. ಸುಳ್ಳು ಹೇಳಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ.

"ನನಗಿಂತ ಹನ್ನೊಂದು ಮಾರ್ಕ್ಸು ಜಾಸ್ತಿ ತೆಗೆದವಳು. ಈಗ ನರಸೀಪುರದಲ್ಲಿದ್ದಾಳೆ. ಯಾವತ್ತಾದರೂ ನಿಮ್ಮ ಎದುರು ಪಕ್ಷಕ್ಕೆ ಬಂದರೆ ನೆನಪಿಟ್ಟುಕೊಳ್ಳಿ."

"ಏನಾಗಿದೆ ಇವತ್ತು ನಿನಗೆ? ಸರಿ, ಸರಿ. ಹೆಸರಿನ ವಿಚಾರ ನೋಡೋಣ. ದೀಪಾವಳಿ ಕಳೀಲಿ."

"ಇವತ್ತೇ ಆಗಬೇಕು ಸರ್."

"ಇಲ್ಲದಿದ್ದರೆ?"

"ಇಲ್ಲದಿದ್ದರೆ ಸೋಮವಾರ ಗಿರಣಿ ಕೇಸಿನ ಮೂರು ಸಾಕ್ಷಿಗಳನ್ನು ನೀವೇ ಕ್ರಾಸ್ ಮಾಡಿ."

ಗಂಗಾಧರಸ್ವಾಮಿಗಳು ಕೊನೆಯ ಸಲ ಸಾಕ್ಷಿಯೊಬ್ಬನನ್ನು ಕ್ರಾಸ್ ಮಾಡಿ ಏಳು ವರ್ಷವಾಗಿತ್ತು. ಮೇಜಿನ ಮೇಲಿದ್ದ ಗಿರಣಿ ಫೈಲನ್ನು ಎಳೆದುಕೊಂಡು ತೆರೆದರು. ಪುಟಪುಟದ ಅಂಚಿಗೂ ಚೈತ್ರಳ ಸಣ್ಣ ಅಕ್ಷರ, ಬಾಣ, ಅಡ್ಡಗೆರೆ. ಒಂದು ಹಾಳೆ ತಿರುವಿದರು, ಇನ್ನೊಂದು ತಿರುವಿದರು, ಕನ್ನಡಕ ಒರೆಸಿಕೊಂಡು ಮೊದಲಿಗೇ ಬಂದರು. ವಾದಿ ಯಾರು, ಪ್ರತಿವಾದಿ ಯಾರು ಎಂಬಲ್ಲಿಗೆ ನಿಂತರು.

"ನಾನು ನಿನ್ನನ್ನು ಮಗಳ ಹಾಗೆ ನೋಡಿಕೊಂಡೆನಮ್ಮ," ಎಂದರು, ಧ್ವನಿ ತಗ್ಗಿಸಿ.

"ಅದೇ ತೊಂದರೆ ಆಗಿದ್ದು ಸರ್. ನಮ್ಮಲ್ಲಿ ಮಗಳಿಗೆ ಪಾಲು ಕೊಡೋಕೆ ಎಷ್ಟು ವರ್ಷ ಹಿಡಿಯುತ್ತೆ ಅಂತ ಬೆಳಿಗ್ಗೆ ತಾನೆ ನೋಡಿಕೊಂಡು ಬಂದೆ."

ಬಾಗಿಲ ಬಳಿ ಎರಡನೆಯ ಕಂತು ಹಿಡಿದು ನಿಂತಿದ್ದ ಕೆಂಪಯ್ಯ ಯಾವ ಕಾರಣಕ್ಕೋ ಜೋರಾಗಿ ಕೆಮ್ಮಿದ. ಚೈತ್ರ ಬ್ಯಾಗಿನಿಂದ ಹಾಳೆಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟಳು. ನರಸೀಪುರದಿಂದ ಹೊರಡುವ ಮುಂಚೆ ಪವಿತ್ರಳ ಟೈಪ್‌ರೈಟರಿನಲ್ಲಿ ಹೊಡೆದು, ಪಕ್ಕದ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿದ ಮೆಮೊ. ಈ ಕೇಸಿನಲ್ಲಿ ಹಾಜರಾಗಿ ವಾದ ಮಾಡುತ್ತಿರುವ ವಕೀಲರು ಚೈತ್ರ, ಇದಕ್ಕೆ ನನ್ನ ಒಪ್ಪಿಗೆಯಿದೆ, ಎಂದು ಎರಡೇ ಸಾಲು. ಕೇಸಿನ ನಂಬರಿಗೆ ಜಾಗ ಬಿಟ್ಟಿತ್ತು, ಸೀನಿಯರ್ ಸಹಿಗೆ ಜಾಗ ಬಿಟ್ಟಿತ್ತು. ಪವಿತ್ರ ಐವತ್ತು ಪ್ರತಿ ಮಾಡಿಸಿ, ಅಂಗಡಿಯವನ ಬಿಲ್ಲನ್ನು ಇವಳ ಕೈಗೇ ಕೊಟ್ಟಿದ್ದಳು.

"ಹೊಸ ಕೇಸುಗಳಿಗೆ ಹಾಕೋಣ," ಎಂದರು ಸೀನಿಯರ್. "ಹಳೇವು ಹೇಗೂ ನಡೀತಿವೆ. ಅವು ಮುಗಿಯೋವರೆಗೆ..."

"ಅವು ಯಾವಾಗ ಮುಗಿಯುತ್ತವೆ ಸರ್?"

ಸಿವಿಲ್ ಕೋರ್ಟಿನಲ್ಲಿ ನಲವತ್ತು ವರ್ಷ ಕಳೆದ ಮನುಷ್ಯ ಇದಕ್ಕೆ ಏನು ಹೇಳಿಯಾನು? ಪೆನ್ನಿನ ಮುಚ್ಚಳ ತೆಗೆದರು.

ಕೆಂಪಯ್ಯ ನಂಬರು ಓದುತ್ತಿದ್ದ, ಚೈತ್ರ ಬರೆಯುತ್ತಿದ್ದಳು, ಗಂಗಾಧರಸ್ವಾಮಿಗಳು ಗೊಣಗುತ್ತ ಸಹಿ ಹಾಕುತ್ತಿದ್ದರು. ಕೂತ್ಕೊಳಮ್ಮ ಅಂದರು, ಕೂರಲಿಲ್ಲ. ಕಾಫಿ ತರಿಸಲಾ ಅಂದರು, ಬೇಡ ಅಂದಳು. ಮೂವತ್ತೊಂದನೆಯ ಫೈಲಿಗೆ ಅವರ ಕೈ ನಿಂತಿತು.

"ಇದೂನಾ? ಇದು ನನ್ನ ಭಾಮೈದನ ಕೇಸು."

"ಹೌದು ಸರ್. ನಿಮ್ಮ ಭಾಮೈದ, ನನ್ನ ವಾದ."

ಅವರು ಅವಳ ಮುಖ ನೋಡಿದರು. ಅಲ್ಲಿ ದಾಕ್ಷಿಣ್ಯ ಹುಡುಕಿದರು, ಸಿಗಲಿಲ್ಲ. ಸಹಿ ಹಾಕಿದರು.

"ಮುಂದಿನದು ಓದಿ ಕೆಂಪಯ್ಯ," ಎಂದಳು ಚೈತ್ರ.